ಅರ್ತಿಂಗ್ ಗುಂಡಿ ಬೇಡ ಎಂದ ಮನೆ

ನಿಮ್ಮ ಮನೆಯಲ್ಲಿ ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಬೆರಳಿಗೆ ಚುರ್ ಅನ್ನುತ್ತದಾ? ಗ್ರೈಂಡರಿನಿಂದ ಹಿಟ್ಟು ಬಳಿಯುವಾಗ ಮೊಣಕೈವರೆಗೂ ಜುಮ್ ಅನ್ನುತ್ತದಾ? ಗೀಸರ್ ಹಾಕಿದ್ದಾಗ ನಲ್ಲಿ ತಿರುಗಿಸಲು ಹೋಗಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೀರಾ? ಎಳೆದುಕೊಳ್ಳುತ್ತೀರಿ, ನನಗೆ ಗೊತ್ತು. ನಮ್ಮ ಊರಲ್ಲಿ ಈ ಕಾಟ ಇಲ್ಲದ ಬೀದಿಯಿಲ್ಲ. ಅದಕ್ಕೆ ನಾವು ಕಂಡುಕೊಂಡಿರುವ ಮದ್ದು ಏನು ಹೇಳಿ? ಚಪ್ಪಲಿ ಹಾಕಿಕೊಂಡು ಮುಟ್ಟುವುದು. ಕಾಲಡಿಗೆ ಗೋಣಿಚೀಲ ಹಾಸುವುದು. ಹೊಸ ಮಿಷಿನ್ನು, ಮೊದಮೊದಲು ಹಾಗೇ ಇರುತ್ತದೆ ಎಂದು ನಗುವುದು. ಆ ನಗು ಕಂಡರೆ ನನಗೀಗ ಮೈಯೆಲ್ಲ ಉರಿಯುತ್ತದೆ.

ನಾನು ಮೀನಾ. ಮಾಂಬಳ್ಳಿಯ ಹಾಲಿನ ಡೈರಿಯಲ್ಲಿ ಹಾಲು ಅಳೆದುಕೊಳ್ಳುವ ಕೆಲಸ ನನ್ನದು. ಬೆಳಗ್ಗೆ ಸಂಜೆ ಊರಿನ ಹೆಂಗಸರೆಲ್ಲ ಕ್ಯಾನು ಹಿಡಿದು ನನ್ನ ಮುಂದೆ ಸಾಲು ನಿಲ್ಲುತ್ತಾರೆ. ಹಾಗಾಗಿ ಯಾರ ಮನೆಯ ಸುದ್ದಿಯೂ ನನಗೆ ತಪ್ಪುವುದಿಲ್ಲ. ಈಗ ಹೇಳುವುದು ನಮ್ಮ ಬೀದಿಯ ಚನ್ನಾಜಮ್ಮನವರ ಮನೆಯ ಸಂಗತಿ. ಹೇಳು ಅಂತ ಅವರೇ ಅಂದಿದ್ದಾರೆ. “ನನ್ ಎಸ್ರು ಮುಚ್ಚಿಟ್ಟು ಯೋಳ್ಬ್ಯಾಡ ಕಣವ್ವ. ನಾನು ಮಾಡಿದ್ದು ಅಂತ್ಲೇ ಯೋಳು,” ಅಂದರು.

ಚನ್ನಾಜಮ್ಮನವರ ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು. ಮಗ ಮಹದೇವಪ್ರಸಾದ್ ಗದ್ದೆ ಮಾಡಿಸಿಕೊಂಡು, ಕೊಳ್ಳೇಗಾಲದಲ್ಲಿ ಒಂದು ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಮಗಳು ಕೋಮಲಳನ್ನು ಧನಗೆರೆಗೆ ಕೊಟ್ಟಿದ್ದಾರೆ. ಸೊಸೆ ಶೃತಿ ರಾಮಾಪುರದ ಕಡೆಯ ಹುಡುಗಿ. ನಗುಮುಖ, ಬಾಯಿ ತುಂಬ ಮಾತು. ಅತ್ತೆ ಸೊಸೆ ಜಗಳವಾಡಿದ್ದು ನಾನು ಕಂಡಿಲ್ಲ. ಸಂಜೆ ಹೊತ್ತು ಜಗಲಿಯ ಮೇಲೆ ಕೂರಿಸಿಕೊಂಡು ಸೊಸೆಯ ತಲೆ ಬಾಚುವ ಅತ್ತೆ ನಮ್ಮ ಬೀದಿಯಲ್ಲಿ ಅವರೊಬ್ಬರೇ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದಿನದು ಕೇಳಿ ನೀವು ಚನ್ನಾಜಮ್ಮನವರನ್ನು ಕೆಟ್ಟ ಅತ್ತೆ ಅಂದುಕೊಂಡುಬಿಡುತ್ತೀರಿ. ಅವರು ಕೆಟ್ಟವರಲ್ಲ.

ಅವರದ್ದು ಹಳೆಯ ಹೆಂಚಿನ ಮನೆ. ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ ಬಿಟ್ಟರೆ ಕರೆಂಟಿನ ಕೆಲಸವೇ ಇರಲಿಲ್ಲ. ಮುಂದಿನ ತೊಟ್ಟಿ ಉಳಿಸಿಕೊಂಡು ಹಿಂದಿನ ಭಾಗ ಕೆಡವಿ, ಅಡುಗೆಮನೆ, ಬಚ್ಚಲುಮನೆ, ಬಟ್ಟೆ ಒಗೆಯುವ ಜಾಗ ಎಲ್ಲ ಹೊಸದಾಗಿ ಕಟ್ಟಿಸಲು ಕೈ ಹಾಕಿದರು. ಅಬ್ಬಬ್ಬಾ, ಆ ಮನೆಯಲ್ಲಿ ನಡೆದ ಚರ್ಚೆಗಳೇ! ನೆಲಕ್ಕೆ ಯಾವ ಬಣ್ಣದ ಟೈಲ್ಸ್ ಎಂದು ಮನೆಮಂದಿಯೆಲ್ಲ ಕೊಳ್ಳೇಗಾಲಕ್ಕೆ ಹೋಗಿ ಬಂದರು, ಮತ್ತೆ ಹೋದರು. ದೇವರಮನೆ ಬಾಗಿಲಿಗೆ ನಂದಿ ಕೆತ್ತಿಸುವುದೋ ಬಿಲ್ವಪತ್ರೆ ಕೆತ್ತಿಸುವುದೋ ಎಂದು ಬೀಗರ ಮನೆಗೂ ಫೋನು ಹೋಯಿತು. ಡೈರಿಯಲ್ಲಿ ನನ್ನ ಅಭಿಪ್ರಾಯವನ್ನೂ ಕೇಳಿದರು. ಅಡುಗೆಮನೆ ಸಿಂಕು ಎಡಕ್ಕೋ ಬಲಕ್ಕೋ ಅಂತ ಶೃತಿ ಒಂದು ವಾರ ತಲೆ ಕೆಡಿಸಿಕೊಂಡಳು. ಆದರೆ ಅರ್ತಿಂಗ್ ವಿಚಾರ ಮಾತ್ರ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ತೀರ್ಮಾನವಾಗಿಹೋಯಿತು.

ವೈರಿಂಗ್ ಮಾಡುತ್ತಿದ್ದವನು ಶಾಂತಮೂರ್ತಿ. ಚನ್ನಾಜಮ್ಮನವರ ತಂಗಿಯ ಮಗ. ಲೈಸೆನ್ಸ್ ಇರುವ ವೈರ್‌ಮನ್, ಕೆಲಸ ಬಲ್ಲವನು. ಅವತ್ತು ಹಿತ್ತಲಲ್ಲಿ ಗೋಡೆಯಿಂದ ಆಚೆಗೆ ಆಳುಗಳ ಕೈಲಿ ಒಂದು ಆಳುದ್ದದ ಗುಂಡಿ ತೋಡಿಸಿ, ಒಳಗೆ ಬಂದು ಕಾಫಿ ಲೋಟ ಹಿಡಿದು ಕೂತ.

“ದೊಡ್ಡವ್ವ, ಒಂದು ಮೂಟೆ ಉಪ್ಪು, ಒಂದು ಮೂಟೆ ಇದ್ಲು ತರ್ಸ್‌ಬೇಕು. ಅಣ್ಣಂಗೆ ಯೋಳ್ಬುಡಿ.”

“ಮೂಟೆ ಉಪ್ಪಾ? ಯಾತಕ್ಲಾ?”

“ಆ ಗುಂಡಿಗೆ. ಪೈಪು ಇಳ್ಸಿ, ಸುತ್ತ ಉಪ್ಪು ಇದ್ಲು ತುಂಬ್ಬುಟ್ರೆ ಅರ್ತಿಂಗ್ ಆಯ್ತದೆ.”

ಚನ್ನಾಜಮ್ಮನವರ ಕೈಲಿದ್ದ ಮೊರ ಅಲ್ಲೇ ನಿಂತಿತು. ನಮ್ಮ ಕಡೆಯ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಸುಡುವುದಿಲ್ಲ. ಗುಂಡಿ ತೋಡಿ, ಕೂರಿಸಿ, ವಿಭೂತಿ ಬಿಲ್ವಪತ್ರೆ ಇಟ್ಟು, ಮೂಟೆಗಟ್ಟಲೆ ಉಪ್ಪು ಸುರಿದು ಮಣ್ಣು ಮುಚ್ಚುತ್ತಾರೆ. ನಿಮಗೂ ಗೊತ್ತಿರುವುದೇ. ಚನ್ನಾಜಮ್ಮ ಗುಂಡಿಗೆ ಉಪ್ಪು ಸುರಿದದ್ದನ್ನು ಕಣ್ಣಾರೆ ನೋಡಿದ್ದು ಒಂದೇ ಸಲ, ಯಜಮಾನರು ಹೋದಾಗ.

“ಥೂ! ಬುಡ್ತು ಅನ್ನು,” ಎಂದು ಎದ್ದು ನಿಂತರು. “ಬಾಳೋ ಮನೆ ಪಕ್ಕದಲ್ಲಿ ಗುಂಡಿ ತೋಡಿ ಉಪ್ಪು ಸುರೀತೀಯೇನ್ಲಾ? ಯಾರ್ನ ಕೂರ್ಸಾಕೆ? ಗೃಹಪ್ರವೇಶ ಇನ್ನೂ ಆಗಿಲ್ಲ, ಈಗ್ಲೇ ಮನೆಗೆ ಸಮಾಧಿ ಕಟ್ತೀಯಾ?”

“ಅಯ್ಯೋ ದೊಡ್ಡವ್ವ, ಅದುಕ್ಕೂ ಇದುಕ್ಕೂ ಸಂಬಂದ ಇಲ್ಲ. ಕರೆಂಟು ಭೂಮಿಗೆ ಇಳಿಲಿ ಅಂತ…”

“ನಿಮ್ ದೊಡ್ಡಪ್ಪನ ಗುಂಡಿಗೆ ಉಪ್ಪು ಸುರುದಿದ್ದು ಇನ್ನೂ ನನ್ ಕಣ್ಣಾಗೇ ಅದೆ ಕಣ್ಲಾ. ದಿನಾ ಹಿತ್ಲಿಗೆ ಓದಾಗೆಲ್ಲ ಅದ್ನೇ ನೋಡ್ಬೇಕಾ ನಾನು?” ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಶೃತಿ ಅಡುಗೆಮನೆಯಿಂದ ಬಂದು ಮೆಲ್ಲಗೆ ಹೇಳಿದಳು. “ಅತ್ತೆ, ನಮ್ ರಾಮಾಪುರದ ಮನೇಲೂ ಆಕವ್ರೆ. ಏನೂ ಆಗಿಲ್ಲ. ಮೇಲೆ ಒಂದು ಮುಚ್ಚಳ ಇರ್ತದೆ, ಕಾಣದೂ ಇಲ್ಲ.”

“ನಿಮ್ಮೂರಿನ್ ಪದ್ಧತಿ ನಿಮ್ಮೂರಿಗೆ ಕೂಸೇ. ನನ್ ಜೀವ ಇರೋವರ್ಗೂ ಈ ಹಿತ್ಲಲ್ಲಿ ಬ್ಯಾಡ.”

ಮಹದೇವಪ್ರಸಾದ್ ಅಮ್ಮನ ಕಣ್ಣೀರು ನೋಡಿದ, ಹೆಂಡತಿಯ ಮುಖ ನೋಡಿದ. ಗೃಹಪ್ರವೇಶದ ಕಾರ್ಡು ಆಗಲೇ ಹಂಚಿಯಾಗಿತ್ತು. “ಅವ್ವಂಗೆ ಬ್ಯಾಡ ಅಂದ್ರೆ ಬ್ಯಾಡ ಬುಡು ಮೂರ್ತಿ. ಆಮೇಕೆ ನೋಡ್ಕಳಮ,” ಎಂದ. ಶಾಂತಮೂರ್ತಿ “ಆಯ್ತು ಬುಡಿ,” ಎಂದು ಲೋಟ ಇಟ್ಟು ಎದ್ದ. ಕೆಲಸ ಬಲ್ಲವನು, ಏನಾಗಬಹುದು ಅಂತ ಗೊತ್ತಿದ್ದವನು, ದೊಡ್ಡವ್ವ ಬೈದರು ಎಂದು ಸುಮ್ಮನಾದ. ಗುಂಡಿಗೆ ಇಟ್ಟಿಗೆ ಚೂರು ತುಂಬಿ ಮೇಲೆ ಕಾಂಕ್ರೀಟ್ ಹಾಕಿದರು. ಗೋಡೆಯ ಆಚೆ ಬಂದಿದ್ದ ಹಸಿರು ವೈರನ್ನು ಸುತ್ತಿ ಮೊಳೆಗೆ ಸಿಕ್ಕಿಸಿದರು. ಮನೆಯ ಗೋಡೆಗಳಲ್ಲೆಲ್ಲ ಮೂರು ತೂತಿನ ಹೊಸ ಸ್ವಿಚ್ ಬೋರ್ಡು. ಮೂರನೆಯ ತೂತಿಗೆ ಆ ಕಡೆ ಏನೂ ಇರಲಿಲ್ಲ.

ಗೃಹಪ್ರವೇಶ ಬಹಳ ಚೆನ್ನಾಗಿ ಆಯಿತು. ಹೋಳಿಗೆ ಊಟ. ಫ್ರಿಜ್ಜು, ಗೀಸರು, ವಾಷಿಂಗ್ ಮಿಷಿನ್ನು ಎಲ್ಲ ಒಂದೊಂದಾಗಿ ಬಂದವು. ಶೃತಿ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದ್ದೇ ತೋರಿಸಿದ್ದು. “ಇನ್ಮೇಕೆ ಬಟ್ಟೆ ಒಗೆಯೋ ಕಲ್ಲಿಗೆ ರಜಾ ಮೀನಕ್ಕ,” ಎಂದು ನನ್ನ ಕೈ ಹಿಡಿದು ಕುಣಿದಾಡಿದಳು.

ಕೆಲವು ವಾರ ಕಳೆದ ಮೇಲೆ ಡೈರಿಗೆ ಬಂದವಳ ಮುಖ ಸಪ್ಪಗಿತ್ತು.

“ಮೀನಕ್ಕ, ಮಿಷಿನ್ ಮುಟ್ಟುದ್ರೆ ಚುರ್ ಅಂತದೆ ಕಣಕ್ಕ. ಕೈ ಒದ್ದೆ ಇದ್ರಂತೂ ಭುಜದವರ್ಗೂ ಬತ್ತದೆ.”

“ನಿನ್ ಗಂಡಂಗೆ ಯೋಳ್ದಾ?”

“ಯೋಳ್ದೆ. ಟೆಸ್ಟರ್ ಇಟ್ಟು ನೋಡುದ್ರು, ಲೈಟು ಉರೀತು. ವಸಿ ಲೀಕೇಜ್ ಇರ್ಬೇಕು ಅಂತ ರಬ್ಬರ್ ಚಪ್ಲಿ ತಂದ್ಕೊಟ್ರು.”

ಪುಣ್ಯಕ್ಕೆ ಅವತ್ತು ಶಾಂತಮೂರ್ತಿ ನಮ್ಮ ಡೈರಿಯ ಕೂಲರ್ ರಿಪೇರಿಗೆ ಬಂದಿದ್ದ. ನಾನೇ ಅವನನ್ನು ಕರೆದು ಕೂರಿಸಿದೆ. “ಬಾಪ್ಪ ಇಲ್ಲಿ. ನೀನು ವೈರಿಂಗ್ ಮಾಡಿರೋ ಮನೇಲಿ ಹೆಣ್ಮಗೀಗೆ ಶಾಕ್ ಹೊಡೀತದೆ. ಏನಿದು?”

ಅವನು ಮುಖ ತಗ್ಗಿಸಿದ. ಆಮೇಲೆ ಬಿಡಿಸಿ ಹೇಳಿದ. “ನೋಡಿ ಅತ್ತಿಗೆ, ಮಿಷಿನ್ನೊಳ್ಗೆ ಯಾವ್ದಾರ ವೈರು ಸವ್ದು ತಗಡಿಗೆ ತಾಕುದ್ರೆ, ಮೈಯೆಲ್ಲ ಕರೆಂಟ್ ಆಯ್ತದೆ. ಆ ಕರೆಂಟು ಭೂಮಿಗೆ ಇಳಿಯಾಕೆ ದಾರಿ ಹುಡುಕ್ತಾ ಇರ್ತದೆ. ಅರ್ತಿಂಗ್ ಇದ್ರೆ ಆ ವೈರಲ್ಲಿ ಇಳ್ಕಂಡು ಓಯ್ತದೆ. ಇಲ್ದೋದ್ರೆ ಯಾರು ಮುಟ್ತಾರೋ ಅವ್ರ ಮೈಯಾಗೆ ಇಳೀತದೆ. ಚುರ್ ಅನ್ನೋದು ಮಿಷಿನ್ ಹೊಸ್ದು ಅಂತಲ್ಲ, ಎಚ್ಚರ ಕೊಡ್ತಾ ಇರೋದು.”

“ಮತ್ತೆ ಚಪ್ಲಿ ಹಾಕಂಡ್ರೆ?”

“ಚಪ್ಲಿ ಒದ್ದೆ ಆಗಾಕಿಲ್ವಾ? ಒಂದಿನ ಮರೆಯಾಕಿಲ್ವಾ? ಚಪ್ಲಿ ನಂಬ್ಕಂಡು ಕೂರ್ಬ್ಯಾಡಿ. ಅರ್ತಿಂಗ್ ಆಗ್ಬೇಕು, ಮೇನ್ ಬೋರ್ಡಿಗೆ ಆರ್‌ಸಿಸಿಬಿ ಅಂತ ಒಂದು ಸ್ವಿಚ್ ಹಾಕ್ಬೇಕು. ಕರೆಂಟು ಎಲ್ಲಾರ ಸೋರ್ತು ಅಂದ್ರೆ ಅದು ಕಣ್ಣು ಮಿಟುಕ್ಸೋದ್ರಲ್ಲಿ ಕಟ್ ಮಾಡ್ಬುಡ್ತದೆ. ಎರಡೂ ಬೇಕು. ಅಲ್ಲೀತಂಕ ಆ ಮಿಷಿನ್ ಪ್ಲಗ್ ಹಾಕ್ಲೇಬ್ಯಾಡಿ.”

“ನೀವೇ ಬಂದು ಅತ್ತೆಗೆ ಯೋಳಿ.”

“ಪ್ರಸಾದಣ್ಣ ಕರುದ್ರೆ ಬತ್ತೀನಿ. ನಾನಾಗಿ ಬಂದ್ರೆ ದೊಡ್ಡವ್ವ ಮತ್ತೆ ಉಪ್ಪಿನ ಮಾತು ಎತ್ತುತಾರೆ.”

ಶೃತಿ ಮನೆಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದಳಂತೆ. ಚನ್ನಾಜಮ್ಮ ಸಿಟ್ಟು ಮಾಡಲಿಲ್ಲ. ಸೊಸೆಯ ಕೈ ಹಿಡಿದು ಬೆರಳು ನೀವಿದರು. “ಈ ಕಾರ್ತೀಕ ಕಳೀಲಿ ಕಣ್ ಮಗ. ಮಾದಪ್ಪನ ಬೆಟ್ಟಕ್ಕೆ ಓಗ್ಬಂದು, ಅಯ್ನೋರ ಒಂದ್ಮಾತು ಕೇಳಿ ಮಾಡ್ಸುವ. ಅಲ್ಲೀವರ್ಗೂ ಮಿಷಿನ್ ಗಿಷಿನ್ ನೀನು ಮುಟ್ಬ್ಯಾಡ, ನಾನೇ ನೋಡ್ಕತೀನಿ,” ಅಂದರು. ಸೊಸೆಗೆ ಹೊಡೆಯುವ ಶಾಕು ತನಗೆ ಹೊಡೆಯಲಿ ಅಂದುಕೊಂಡ ಹೆಂಗಸು ಅದು. ಪ್ರೀತಿಗೆ ಏನೂ ಕಡಿಮೆ ಇರಲಿಲ್ಲ. ಆದರೆ ಕರೆಂಟಿಗೆ ಪ್ರೀತಿ ಗೊತ್ತಾಗುತ್ತದೆಯೇ?

ಮಿಷಿನ್ನಿನ ಪ್ಲಗ್ಗು ಕೆಲವು ದಿನ ಕಿತ್ತೇ ಇತ್ತು. ಆಮೇಲೆ ಮಳೆ ಹಿಡಿಯಿತು. ಮೂರು ವರ್ಷದ ಮಗಳ ಬಟ್ಟೆ ರಾಶಿ ಬಿತ್ತು. ಚಪ್ಪಲಿ ಹಾಕಿಕೊಂಡು ಹುಷಾರಾಗಿ ಹಾಕಿದರಾಯಿತು ಎಂದು ಶೃತಿ ಮತ್ತೆ ಪ್ಲಗ್ ಸಿಕ್ಕಿಸಿದಳು. ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ಆವತ್ತು ಸೋಮವಾರ. ಮಹದೇವಪ್ರಸಾದ್ ಅಂಗಡಿಗೆ ಹೋಗಿದ್ದ. ಶೃತಿ ಬಟ್ಟೆ ಹಾಕಿ, ತಲೆಗೆ ನೀರು ಹಾಕಿಕೊಂಡು ಪೂಜೆಗೆ ನಿಲ್ಲುವವಳಿದ್ದಳು. ಅಷ್ಟರಲ್ಲಿ ಮಿಷಿನ್ನು ನಿಂತಿತು. ಬಟ್ಟೆ ತೆಗೆದು ಹರವಿಬಿಡೋಣ ಎಂದು ಒದ್ದೆ ತಲೆಯಲ್ಲೇ ಹಿತ್ತಲಿಗೆ ಬಂದಳು. ಪೂಜೆಗೆ ಮೊದಲು ಮಡಿಯಲ್ಲಿದ್ದವಳು ಚಪ್ಪಲಿ ಮೆಟ್ಟುತ್ತಾಳೆಯೇ? ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಮಿಷಿನ್ನಿನ ಮುಚ್ಚಳ ಎತ್ತಿದಳು.

ನಾನು ಡೈರಿ ಮುಗಿಸಿ ಮನೆಗೆ ಬರುತ್ತಿದ್ದೆ. ಚನ್ನಾಜಮ್ಮ “ಶೃತೀ” ಎಂದು ಚೀರಿದ್ದು ಬೀದಿಗೆಲ್ಲ ಕೇಳಿತು. ಓಡಿದೆ. ಶೃತಿ ಮಿಷಿನ್ನಿನ ಮೇಲೆ ಬಗ್ಗಿಕೊಂಡಂತೆ ಇದ್ದಳು, ಕೈ ಬಿಟ್ಟಿರಲಿಲ್ಲ. ಚನ್ನಾಜಮ್ಮ ಅವಳನ್ನು ತಬ್ಬಲು ನುಗ್ಗುತ್ತಿದ್ದರು. ನಾನು ಅವರ ಸೀರೆ ಹಿಡಿದು ಹಿಂದಕ್ಕೆ ಜಗ್ಗಿ, “ಮುಟ್ಬ್ಯಾಡಿ! ಮೇನ್ ಸ್ವಿಚ್ ಎಲ್ಲದೆ?” ಎಂದು ಕೂಗಿದೆ. ಅವರು ನನ್ನ ಮುಖ ನೋಡಿದರು. ಅವರಿಗೆ ಗೊತ್ತಿರಲಿಲ್ಲ. ಒಳಗೆ ಓಡಿ ಹುಡುಕಿದೆ. ನಡುಮನೆಯ ಅಂದ ಕೆಡುತ್ತದೆ ಎಂದು ಮೇನ್ ಬೋರ್ಡಿಗೆ ಅಡ್ಡವಾಗಿ ಶೋಕೇಸು ಇಟ್ಟಿದ್ದರು. ಅದನ್ನು ತಳ್ಳಿ, ಸಂದಿಯಲ್ಲಿ ಕೈ ತೂರಿಸಿ ಮೇನ್ ಇಳಿಸಿದೆ. ಹಿತ್ತಲಿಗೆ ಬಂದಾಗ ಶೃತಿ ನೆಲದ ಮೇಲಿದ್ದಳು. ಎದೆ ಒತ್ತಿದೆವು, ಕೂಗಿದೆವು, ಆಟೋದಲ್ಲಿ ಹಾಕಿಕೊಂಡು ಯಳಂದೂರಿನ ಆಸ್ಪತ್ರೆಗೆ ಓಡಿದೆವು. ಜೀವ ಹಿತ್ತಲಲ್ಲೇ ಹೋಗಿತ್ತು.

ಶೃತಿಯ ಮಗಳನ್ನು ಎತ್ತಿಕೊಂಡು ನಾನು ಜಗಲಿಯ ಮೂಲೆಯಲ್ಲಿ ಕೂತಿದ್ದೆ. ರಾಮಾಪುರದಿಂದ ಶೃತಿಯ ಅಪ್ಪ ಅವ್ವ ಬಂದಿಳಿದರು. ಆ ತಾಯಿ ಅತ್ತದ್ದನ್ನು ನಾನು ಹೇಳಲಾರೆ. ಮಧ್ಯಾಹ್ನ ಟ್ರ್ಯಾಕ್ಟರಿನಲ್ಲಿ ಉಪ್ಪಿನ ಮೂಟೆಗಳು ಬಂದವು. ಗಂಡಸರು ಒಂದೊಂದಾಗಿ ಅಂಗಳಕ್ಕೆ ಇಳಿಸಿದರು. ಚನ್ನಾಜಮ್ಮ ಆ ಮೂಟೆಗಳನ್ನೇ ನೋಡುತ್ತ ಶಾಂತಮೂರ್ತಿಯನ್ನು ಹತ್ತಿರಕ್ಕೆ ಕರೆದರು.

“ಅವತ್ತು ನೀನು ಎಷ್ಟು ಉಪ್ಪು ಕೇಳಿದ್ದೆ ಮೂರ್ತಿ?”

ಶಾಂತಮೂರ್ತಿ ಮೂಟೆಗಳ ಕಡೆ ನೋಡಿ ಮುಖ ತಿರುಗಿಸಿಕೊಂಡ.

“ಯೋಳ್ಲಾ. ಎಷ್ಟು ಕೇಳಿದ್ದೆ?”

“ಒಂದು ಮೂಟೆ ದೊಡ್ಡವ್ವ,” ಎಂದವನೇ ಅವರ ಕಾಲ ಬಳಿ ಕುಸಿದು ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ಅಂಗಳದಲ್ಲಿದ್ದ ನಾವೆಲ್ಲರೂ ಅತ್ತೆವು.

ಕೆಲವು ದಿನದ ಮೇಲೆ ವಿದ್ಯುತ್ ಇಲಾಖೆಯಿಂದ ತನಿಖೆಗೆಂದು ಒಬ್ಬರು ಹೆಣ್ಣುಮಗಳು ಇಂಜಿನಿಯರ್ ಬಂದರು. ವೈರಿಂಗ್ ಮಾಡಿದವನು ಎಂದು ಶಾಂತಮೂರ್ತಿಯನ್ನೂ ಕರೆಸಿದ್ದರು. ಮೊಳೆಗೆ ಸುತ್ತಿದ್ದ ಹಸಿರು ವೈರು ನೋಡಿ, ಇದು ಯಾಕೆ ಹೀಗಿದೆ ಎಂದು ಕೇಳಿದರು. ಚನ್ನಾಜಮ್ಮ ಏನನ್ನೂ ಮುಚ್ಚಿಡದೆ ಹೇಳಿದರು. ಇಂಜಿನಿಯರಮ್ಮ ಬೈಯಲಿಲ್ಲ. “ಉಪ್ಪೇ ಹಾಕಬೇಕು ಅಂತ ಏನೂ ಇಲ್ಲಮ್ಮ. ಅರ್ತಿಂಗಿಗೆ ಅಂತಲೇ ಪುಡಿ ಬರುತ್ತೆ, ಚೀಲದಲ್ಲಿ ಸಿಗುತ್ತೆ. ನಿಮಗೆ ಉಪ್ಪು ಮನಸ್ಸಿಗೆ ಬರದೆ ಇದ್ದರೆ ಅದನ್ನು ಹಾಕಿಸಬಹುದಿತ್ತು,” ಅಂದರು.

ಚನ್ನಾಜಮ್ಮ “ಬ್ಯಾರೆ ದಾರಿ ಇತ್ತಾ?” ಎಂದು ಕೇಳಿ, ಶಾಂತಮೂರ್ತಿಯ ಕಡೆ ತಿರುಗಿದರು. “ನಿಂಗೊತ್ತಿತ್ತೇನ್ಲಾ?”

“ಗೊತ್ತಿತ್ತು ದೊಡ್ಡವ್ವ.”

“ಯಾಕ್ಲಾ ಯೋಳ್ನಿಲ್ಲ?”

“ನೀವು ಅಳಾಕ್ ಸುರು ಮಾಡುದ್ರಿ. ನಂಗೆ ಬಾಯಿ ಬರ್ನಿಲ್ಲ.”

ಎಂಥ ಮಾತು! ಆಕೆ ಕೇಳಲಿಲ್ಲ, ಇವನು ಹೇಳಲಿಲ್ಲ, ಗಂಡ ಎನಿಸಿಕೊಂಡವನು ಇಬ್ಬರ ಮಧ್ಯೆ ಕಾರ್ಡು ಹಂಚಿಕೊಂಡು ಕೂತ. ಎಲ್ಲರೂ ಒಳ್ಳೆಯವರೇ. ಯಾರಾದರೂ ಒಬ್ಬರು ಇನ್ನೊಂದು ಮಾತು ಆಡಿದ್ದರೆ ಆ ಹುಡುಗಿ ಇವತ್ತು ನನ್ನ ಮುಂದೆ ಕ್ಯಾನು ಹಿಡಿದು ನಿಂತಿರುತ್ತಿದ್ದಳು. ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಅವರ ಮುಖ ನೋಡಿದರೆ ಅಳು ಬರುತ್ತದೆ.

ಆಮೇಲೆ ಚನ್ನಾಜಮ್ಮ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಊಟ ಮಾಡು ಅಂದರೆ ಮಾಡಿದರು, ಮಲಗು ಅಂದರೆ ಮಲಗಿದರು. ಹೀಗಿರುವಾಗ ಒಂದು ಬೆಳಗ್ಗೆ ಧನಗೆರೆಯಿಂದ ಮಗಳು ಕೋಮಲಳ ಫೋನು ಬಂತು. ಅವರೂ ಹಳೆಯ ಮನೆಯಲ್ಲೇ ಇದ್ದುಕೊಂಡು ಅದನ್ನು ಸರಿಮಾಡಿಸುತ್ತಿದ್ದರು. ವೈರಿಂಗ್ ನಡೆಯುತ್ತಿತ್ತು. ಅರ್ತಿಂಗ್ ಗುಂಡಿ ತೋಡಲು ಬಂದವರನ್ನು ಕೋಮಲಳ ಅತ್ತೆ ದೊಡ್ಡಬಸಮ್ಮ ವಾಪಸು ಕಳಿಸಿದ್ದರಂತೆ. ಉಪ್ಪಿನ ಗುಂಡಿ ಬಾಳೋ ಮನೆಗೆ ಆಗದು ಎಂದು.

ಚನ್ನಾಜಮ್ಮ ಫೋನು ಇಟ್ಟು ಎದ್ದರು. ಮುಖ ತೊಳೆದು ವಿಭೂತಿ ಇಟ್ಟುಕೊಂಡು ನನ್ನ ಮನೆ ಬಾಗಿಲಿಗೆ ಬಂದರು. “ಮೀನಾ, ಧನಗೆರೆಗೆ ಓಗ್ಬೇಕು, ಬಾ. ನಂಗೆ ಒಬ್ಳೆ ಬಸ್ಸತ್ತಾಕೆ ಕಾಲು ಬತ್ತಾ ಇಲ್ಲ.” ಇಬ್ಬರೂ ಕೊಳ್ಳೇಗಾಲದ ಮೇಲೆ ಹೋದೆವು. ದಾರಿಯುದ್ದಕ್ಕೂ ಅವರು ನನ್ನ ಕೈ ಬಿಡಲಿಲ್ಲ.

ದೊಡ್ಡಬಸಮ್ಮ ಎದುರುಗೊಂಡು, ತಬ್ಬಿಕೊಂಡು ಅತ್ತು, ನೀರು ಕೊಟ್ಟರು. ಚನ್ನಾಜಮ್ಮ ನೀರಿನ ಲೋಟ ಕೆಳಗಿಟ್ಟು ನೇರವಾಗಿ ಮಾತಿಗೇ ಬಂದರು.

“ಅಕ್ಕ, ಅರ್ತಿಂಗ್ ಬ್ಯಾಡ ಅಂದ್ರಂತೆ.”

“ಈಗ ಆ ಮಾತ್ಯಾಕೆ ಬೀಗಮ್ಮ? ನೀವೇ ಬೆಂದೋಗಿದ್ದೀರಿ.”

“ಅದ್ಕೇ ಬಂದಿರೋದು. ಯಾಕ್ ಬ್ಯಾಡ ಯೋಳಿ.”

ದೊಡ್ಡಬಸಮ್ಮ ಸಂಕೋಚಪಟ್ಟುಕೊಂಡೇ ಹೇಳಿದರು. “ನಿಮ್ಗೆ ಗೊತ್ತಿಲ್ದೇ ಇರೋದಾ? ಗುಂಡಿ, ಉಪ್ಪು… ಮನ್ಸಿಗೆ ಒಗ್ಗಾಕಿಲ್ಲ. ನಮ್ಮತ್ತೆ ಕಾಲದಿಂದ್ಲೂ ಈ ಮನೇಲಿ ಕರೆಂಟದೆ. ಏನೂ ಆಗಿಲ್ಲ.”

“ನಿಮ್ಮತ್ತೆ ಕಾಲ್ದಲ್ಲಿ ಫ್ರಿಜ್ ಇತ್ತಾ? ವಾಷಿಂಗ್ ಮಿಷಿನ್ ಇತ್ತಾ? ನಮ್ಮನೇಲೂ ಇರ್ನಿಲ್ಲ. ಎರಡು ಬಲ್ಬಿತ್ತು, ಅವ್ನ ಯಾರೂ ಒದ್ದೆ ಕೈಲಿ ತಬ್ಕತಿರ್ನಿಲ್ಲ.”

“ಏನೋ ಬೀಗಮ್ಮ, ಎಲ್ಲ ಹಣೆಬರಾ. ಆಗೋದ ತಪ್ಸಾಕಾಯ್ತದಾ?”

ಚನ್ನಾಜಮ್ಮನವರ ಧ್ವನಿ ಒಮ್ಮೆಗೇ ಏರಿತು. ಅಂಥ ಧ್ವನಿ ನಾನು ಕೇಳಿರಲಿಲ್ಲ. “ಹಣೆಬರಾ ಅನ್ಬ್ಯಾಡಿ ಅಕ್ಕ! ಸಮಾಧಾನಕ್ಕೆ ಬಂದೋರೆಲ್ಲ ಅದ್ನೇ ಅಂದ್ರು. ಹಣೆಬರಾ ಅಲ್ಲ. ನಾನು. ನನ್ ಸೊಸೆ ಬಾಯ್ ಬುಟ್ಟು ಯೋಳುದ್ಲು. ಒಂದ್ಸಲ ಅಲ್ಲ, ಯೋಳ್ತಾನೇ ಇದ್ಲು. ಅತ್ತೆ ಚುರ್ ಅಂತದೆ, ಅತ್ತೆ ಜುಮ್ ಅಂತದೆ ಅಂತ. ಕಾರ್ತೀಕ ಕಳೀಲಿ ಅಂದೆ ನಾನು. ನಿಮ್ಗೆ ಉಪ್ಪು ಬ್ಯಾಡ್ವಾ? ಬ್ಯಾಡ ಬುಡಿ, ನಂಗೂ ಬ್ಯಾಡಾಗಿತ್ತು. ಅದಕ್ಕೂ ಪುಡಿ ಬತ್ತದಂತೆ. ಅದ್ ನಂಗೆ ಗೊತ್ತಾಗಿದ್ದು ಶೃತೀನ ಮಣ್ ಮಾಡಿದ್ಮೇಲೆ. ನಿಮ್ಗೆ ಈಗ್ಲೇ ಯೋಳ್ತಾ ಇವ್ನಿ. ಯಾವ್ದಾರ ಆಕ್ಸಿ, ಆದ್ರೆ ಗುಂಡಿ ತೋಡ್ಸಿ.”

ಕೋಮಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಚನ್ನಾಜಮ್ಮ ಅವಳನ್ನು ತೋರಿಸಿದರು. “ಅವ್ಳ ಕೇಳಿ. ಈ ಮನೇಲಿ ಅವ್ಳಿಗೆ ಎಲ್ಲೆಲ್ಲಿ ಚುರ್ ಅಂತದೆ ಅಂತ ಕೇಳಿ.”

ದೊಡ್ಡಬಸಮ್ಮ ಸೊಸೆಯ ಕಡೆ ತಿರುಗಿದರು. “ಏನವ್ವ? ನಿಂಗೂ ಅಂತದಾ?”

ಕೋಮಲ ಹೌದೆಂದು ತಲೆಯಾಡಿಸಿದಳು. “ಗ್ರೈಂಡರ್ ಅಂತದೆ ಅತ್ತೆ. ನೀರಿನ್ ಮೋಟ್ರು ಹಾಕಿದ್ದಾಗ ಪೈಪೂ ಅಂತದೆ.”

“ಅಯ್ಯೋ ಶಿವ್ನೇ! ಯಾಕವ್ವ ಇಷ್ಟ್ ದಿನ ಯೋಳ್ನಿಲ್ಲ?”

“ಕೈಲೇ ರುಬ್ಕಬಾರ್ದಾ, ಮಿಷಿನ್ ಬೇಕು ಅಂದೋಳು ನೀನೇ ಅಲ್ವಾ ಅಂತೀರೇನೋ ಅಂತ.”

ದೊಡ್ಡಬಸಮ್ಮ ಎದ್ದವರೇ ಗ್ರೈಂಡರಿನ ಪ್ಲಗ್ಗು ತಾವೇ ಕಿತ್ತರು. ಮಗನನ್ನು ಗದ್ದೆಯಿಂದ ಕರೆಸಿ, ವೈರ್‌ಮನ್ನಿಗೆ ಫೋನು ಮಾಡಿಸಿದರು. “ಇವತ್ತೇ ಬರಾಕೇಳು. ಪುಡಿ ಸಿಗೋದು ತಡ ಆದ್ರೆ ಉಪ್ಪೇ ಆಕ್ಸು, ನಂದೇನೂ ಇಲ್ಲ,” ಅಂದರು.

ಆ ವಾರದಲ್ಲೇ ಗುಂಡಿಯಾಯಿತು, ಪುಡಿ ಬಿತ್ತು, ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಕೂತಿತು. ಚನ್ನಾಜಮ್ಮ ಅಲ್ಲಿಯವರೆಗೂ ಧನಗೆರೆ ಬಿಟ್ಟು ಕದಲಲಿಲ್ಲ. ನಾನು ಅವರನ್ನು ಕರೆದುಕೊಂಡು ಬರಲು ಮತ್ತೆ ಹೋದ ದಿನ ವೈರ್‌ಮನ್ ಮನೆಯವರನ್ನೆಲ್ಲ ಬೋರ್ಡಿನ ಮುಂದೆ ನಿಲ್ಲಿಸಿ ತೋರಿಸುತ್ತಿದ್ದ. ಆರ್‌ಸಿಸಿಬಿಯಲ್ಲಿ ಟೆಸ್ಟ್ ಎಂದು ಒಂದು ಸಣ್ಣ ಬಟನ್ನು. ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಒತ್ತಿದಾಗ ಕರೆಂಟು ಹೋದರೆ ಅದು ಸರಿಯಾಗಿದೆ ಅಂತ, ಹೋಗದಿದ್ದರೆ ಬದಲಾಯಿಸಬೇಕು ಅಂತ. “ನೀವೇ ಒತ್ತಿ ನೋಡಿ ಅಮ್ಮ,” ಎಂದ.

ಚನ್ನಾಜಮ್ಮ ಬೆರಳಿಟ್ಟು ಒತ್ತಿದರು. ಟಕ್ ಎಂದಿತು. ಮನೆಯ ಫ್ಯಾನು, ಲೈಟು ಎಲ್ಲ ಆರಿದವು.

“ಇಷ್ಟೇನಾ?” ಅಂದರು.

“ಇಷ್ಟೇ ಅಮ್ಮ.”

“ಇಷ್ಟೇನಾ?” ಎಂದು ಇನ್ನೊಮ್ಮೆ ಕೇಳಿದರು. ಆಮೇಲೆ ಕೋಮಲಳ ಹೆಗಲಿಗೆ ಮುಖವಿಟ್ಟು, ಸೊಸೆ ಹೋದ ದಿನವೂ ಅಳದ ಅಳುವನ್ನು ಅತ್ತರು. ದೊಡ್ಡಬಸಮ್ಮ ಅವರ ಬೆನ್ನು ಸವರುತ್ತ ನಿಂತಿದ್ದರು.

ಈಗ ಮಾಂಬಳ್ಳಿಯ ಆ ಮನೆಗೂ ಅರ್ತಿಂಗ್ ಆಗಿದೆ. ಶೋಕೇಸು ಬೇರೆ ಗೋಡೆಗೆ ಹೋಗಿದೆ. ಶಾಂತಮೂರ್ತಿ ಈಗ ಯಾರು ಬೈದರೂ ಎದ್ದು ಹೋಗುವುದಿಲ್ಲ. ಅರ್ತಿಂಗ್ ಬೇಡ ಅನ್ನುವ ಮನೆಗೆ ವೈರಿಂಗನ್ನೇ ಮಾಡುವುದಿಲ್ಲ ಎಂದು ಕೂತುಬಿಡುತ್ತಾನೆ. ಶೃತಿಯ ಮಗಳು ಅವ್ವ ಎಲ್ಲಿ ಎಂದು ಕೇಳುತ್ತಾಳೆ. ರಾಮಾಪುರ ಅನ್ನುತ್ತಾರೆ. ಎಷ್ಟು ದಿನ ಹಾಗೆ ಹೇಳುತ್ತಾರೋ ನನಗೆ ಗೊತ್ತಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆ ಕಟ್ಟಿಸುವಾಗ, ಕೆಡವಿ ಸರಿಮಾಡಿಸುವಾಗ ಟೈಲ್ಸ್ ಆರಿಸಿ, ಬಣ್ಣ ಆರಿಸಿ, ಬಾಗಿಲು ಕೆತ್ತಿಸಿ. ಯಾರು ಬೇಡ ಅಂದರು? ಆದರೆ ಅದಕ್ಕೂ ಮೊದಲು ಅರ್ತಿಂಗ್ ಮಾಡಿಸಿ, ಆರ್‌ಸಿಸಿಬಿ ಹಾಕಿಸಿ, ಲೈಸೆನ್ಸ್ ಇರುವವರ ಕೈಲೇ ಮಾಡಿಸಿ. ಹಳೆಯ ಗುಂಡಿ ಇದ್ದರೆ ಅದು ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ಮೀಟರ್ ಇಟ್ಟು ಅಳೆಸಿ ನೋಡಿ. ನಿಮ್ಮ ಪದ್ಧತಿಗೆ ಒಗ್ಗದ್ದು ಏನಾದರೂ ಇದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಬೇರೆ ದಾರಿ ಇದೆಯಾ ಎಂದು ಬಾಯಿಬಿಟ್ಟು ಕೇಳಿ. ಇರುತ್ತದೆ. ಮೇನ್ ಸ್ವಿಚ್ ಎಲ್ಲಿದೆ ಎಂದು ಮನೆಯ ದೊಡ್ಡವರಿಗೆಲ್ಲ ತೋರಿಸಿ, ಅದರ ಮುಂದೆ ಏನನ್ನೂ ಇಡಬೇಡಿ. ಯಾರಿಗಾದರೂ ಕರೆಂಟು ಹಿಡಿದರೆ ಮೊದಲು ಮೇನ್ ಇಳಿಸಿ, ಆಮೇಲೆ ಮುಟ್ಟಿ.

ಇದನ್ನು ಕೇಳಿ ಮನೆಗೆ ಹೋದವರು ಇನ್ನೊಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ದಿನವೆಲ್ಲ ಒದ್ದೆ ಕೈಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಯಾರೋ ಅವಳನ್ನು ಹತ್ತಿರ ಕೂರಿಸಿಕೊಂಡು, ನಿನಗೆ ಎಲ್ಲಾದರೂ ಶಾಕ್ ಹೊಡೆಯುತ್ತದಾ ಎಂದು ಕೇಳಿ. ಹೂಂ ಅಂದರೆ ನಗಬೇಡಿ, ಚಪ್ಪಲಿ ತಂದುಕೊಡಬೇಡಿ, ಹಬ್ಬ ಕಳೆಯಲಿ ಅನ್ನಬೇಡಿ. ಅವಳ ಮಾತು ನಂಬಿ, ಪ್ಲಗ್ಗು ಕೀಳಿ, ವೈರ್‌ಮನ್ನನ್ನು ಅವತ್ತೇ ಕರೆಸಿ. ಅವಳು ಇರುವಾಗಲೇ ಕರೆಸಿ.